ಸುಣ್ಣದಡಿಯ ತಂತಿ

"ಹದಿನಾಲ್ಕು ಮೀಟರ್," ಎಂದೆ, ಅಳತೆ ಪಟ್ಟಿ ಸುತ್ತುತ್ತ. "ಲಿಯೋವಿಯಣ್ಣ, ತಾರಸಿಯ ಗೂಡಿನಿಂದ ಕೆಳಗಿರೋ ನಿಮ್ಮ ಕಂಪ್ಯೂಟರ್‌ವರೆಗೆ ಸರಿಯಾಗಿ ಹದಿನಾಲ್ಕು."

"ಅದು ಒಳ್ಳೇದಾ ಕೆಟ್ಟದ್ದಾ, ಅಷ್ಟು ಹೇಳಮ್ಮ. ನನಗೆ ರೈಲು ಗೊತ್ತು, ಕೇಬಲ್ ಗೊತ್ತಿಲ್ಲ."

"ಕೆಟ್ಟದ್ದು," ಎಂದೆ. ನನಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ.

ಶನಿವಾರ ಬೆಳಗ್ಗೆ ಹತ್ತು ಗಂಟೆ. ನಾವಿಬ್ಬರೂ ಅವರ ಮನೆಯ ಮೆಟ್ಟಿಲ ತಿರುವಿನಲ್ಲಿ ಕುಳಿತಿದ್ದೆವು. ತಾರಸಿಯ ಮೇಲೆ ಪಾರಿವಾಳಗಳು ಗುಟುರು ಹಾಕುತ್ತಿದ್ದವು. ಮತಾನ್ಸಾಸ್ ಕೊಲ್ಲಿಯ ಕಡೆಯಿಂದ ಗಾಳಿ ಚೆನ್ನಾಗಿ ಬರುತ್ತಿತ್ತು. ನನ್ನ ಮಡಿಲಲ್ಲಿ ಪೇರಲದ ಹಲ್ವಾ ಮತ್ತು ಚೀಸಿನ ತುಂಡು ಇತ್ತು. ಕೆಲಸವಿದೆ, ತಿನ್ನಲಿಕ್ಕಿದೆ, ಗಾಳಿಯಿದೆ. ಅರವತ್ತೊಂದರ ಹೆಂಗಸಿಗೆ ಇನ್ನೇನು ಬೇಕು?

ಲಿಯೋವಿಯಣ್ಣನಿಗೆ ಮಾತ್ರ ಹಾಗನ್ನಿಸುವಂತಿರಲಿಲ್ಲ. ಕಳೆದ ಭಾನುವಾರ ದೂರದ ಕಮಾಗ್ವೆ ಊರಿನಿಂದ ಬಿಟ್ಟ ಸ್ಪರ್ಧೆಯ ಪಾರಿವಾಳಗಳಲ್ಲಿ ಅವರ ಕನೇಲಾ ಮೊದಲು ಮನೆ ಸೇರಿತ್ತು, ಹನ್ನೆರಡು ಗಂಟೆ ನಲವತ್ತೊಂದು ನಿಮಿಷಕ್ಕೆ. ಎದುರುಮನೆಯ ಓಸ್ಮಾನಿಯ ಹಕ್ಕಿ ಮೂರು ನಿಮಿಷ ತಡ. ಆದರೆ ಅಂದು ಹನ್ನೊಂದರಿಂದ ಮೂರರವರೆಗೆ ಲಿಯೋವಿಯಣ್ಣನ ಸಾಲಿನ ಮನೆಗಳಿಗೆ ಕರೆಂಟೇ ಇರಲಿಲ್ಲ. ಕರೆಂಟಿಲ್ಲದೆ ಯಂತ್ರ ಹೊತ್ತು ಹೇಗೆ ಬರೆಯಿತು ಎಂದು ಓಸ್ಮಾನಿ ದೂರು ಕೊಟ್ಟಿದ್ದ.

ಸಂಜೆ ನಾಲ್ಕಕ್ಕೆ ಪಾರಿವಾಳ ಕ್ಲಬ್ಬಿನ ಸಭೆ. ಉತ್ತರ ಸಿಗದಿದ್ದರೆ ಅವರ ಹೆಸರು ಹೊಡೆದುಹಾಕುತ್ತಾರೆ. ಆಮೇಲೆ ಅವರ ಮರಿಗಳ ಕಾಲಿಗೆ ಕ್ಲಬ್ಬಿನ ಬಳೆ ಬೀಳುವುದಿಲ್ಲ, ಬಳೆ ಇಲ್ಲದ ಹಕ್ಕಿ ಸ್ಪರ್ಧೆಗೆ ಹಾರುವುದಿಲ್ಲ. ಎಪ್ಪತ್ನಾಲ್ಕು ವರ್ಷದ ಮನುಷ್ಯ, ರೈಲ್ವೆಯಿಂದ ನಿವೃತ್ತರು, ಹೆಂಡತಿ ತೊಮಾಸಾ ಸತ್ತ ಮೇಲೆ ಆ ಗೂಡೇ ಸಂಸಾರ.

"ಕೆಟ್ಟದ್ದು ಅಂದ್ರೆ?" ಎಂದರು.

"ಈ ಜಾತಿ ಕೇಬಲ್ಲಿಗೆ ಐದು ಮೀಟರ್ ಆದ್ಮೇಲೆ ಉಸಿರು ಕಟ್ಟುತ್ತೆ. ನೀವು ಮೂರು ಎಕ್ಸ್‌ಟೆನ್ಶನ್ ಕೇಬಲ್ ಸೇರಿಸಿದೀರಿ. ನಡುವೆ ಈ ಯುಎಸ್‌ಬಿ ಹಬ್ ಇರೋದಕ್ಕೆ ನಡೀತಾ ಇದೆ. ಈ ಹಬ್ಬಿಗೆ ಅದರದ್ದೇ ಕರೆಂಟು ಬೇಕು. ನೋಡಿ."

ಮೆಟ್ಟಿಲ ತಿರುವಿನ ಗೋಡೆಯಲ್ಲಿ ಅಂಗೈಯಗಲದ ಕಪ್ಪು ಹಬ್. ಅದರ ಪುಟ್ಟ ಅಡಾಪ್ಟರು ಪಕ್ಕದಲ್ಲೇ ಮೊಳೆ ಹೊಡೆದಿದ್ದ ಹಳೆಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚಿತ್ತು. ಕಿತ್ತೆ. ಹಬ್ಬಿನ ಹಸಿರು ದೀಪ ಮಿಣಮಿಣ ಎಂದು ಮಂಕಾಯಿತು. ತಾರಸಿಗೆ ಹತ್ತಿ ನೋಡಿದೆವು. ಗೂಡಿನ ಬಾಗಿಲಲ್ಲಿ ಹಕ್ಕಿಯ ಕಾಲುಬಳೆಯನ್ನು ಓದುವ ರೀಡರ್ ಹಲಗೆ ಸತ್ತು ಮಲಗಿತ್ತು. ಲಿಯೋವಿಯಣ್ಣ ಕನೇಲಾಳನ್ನು ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಎರಡು ಸಲ ನಿಲ್ಲಿಸಿದರು. ಕುಂಯ್ ಕೂಡ ಎನ್ನಲಿಲ್ಲ.

"ಹಾಗಾದ್ರೆ ಓಸ್ಮಾನಿ ಹೇಳಿದ್ದೇ ನಿಜ," ಎಂದು ಅಲ್ಲೇ ಜೋಳದ ಡಬ್ಬದ ಮೇಲೆ ಕುಸಿದರು. "ಅವನು ತಾಂತ್ರಿಕ ಶಾಲೆ ಮೇಷ್ಟ್ರು, ಅವನಿಗೆ ಗೊತ್ತಿರುತ್ತೆ. ಆದ್ರೆ ಎನೈದಾ, ನನ್ನ ತೊಮಾಸಾ ಆಣೆ, ನಾನು ಏನೂ ಮುಟ್ಟಿಲ್ಲ. ಭಾನುವಾರ ಹತ್ತು ಗಂಟೆಯಿಂದ ಇಲ್ಲೇ ಆಕಾಶ ನೋಡ್ತಾ ನಿಂತಿದ್ದೆ. ಹಕ್ಕಿ ಬಿಟ್ಟ ಮೇಲೆ ಸಂಜೆವರೆಗೆ ಕೇಬಲ್ ಆಗ್ಲಿ ಹಲಗೆ ಆಗ್ಲಿ ಯಾರು ಮುಟ್ಟಿದ್ರೂ ಫಲಿತಾಂಶ ರದ್ದು. ಈ ನಿಯಮ ಬರೆಸಿದ್ದೇ ನಾನು."

"ಗೊತ್ತು ಬಿಡಿ."

"ಅವಳಿದ್ದಿದ್ರೆ ನನಗೆ ಈ ಗತಿ ಬರ್ತಿರ್ಲಿಲ್ಲ. ಪಾಪ, ಕರೆಂಟು ಹೋದ ದಿನವೂ ಹೊತ್ತಿಗೆ ಸರಿಯಾಗಿ ಊಟ ಹಾಕ್ತಿದ್ಳು. ಅನ್ನದ ಕುಕ್ಕರನ್ನ ಎತ್ಕೊಂಡು ಬಂದು ಆ ಮೆಟ್ಟಿಲ ಮೇಲೇ ಬೇಯಿಸ್ತಿದ್ಳು, ಗಾಳಿ ಬರುತ್ತೆ ಅಂತ."

ಹಲ್ವಾ ಬಾಯಿಗಿಟ್ಟವಳು ಹಾಗೇ ನಿಂತೆ.

"ಯಾವ ಕುಕ್ಕರ್?"

"ಇನ್ಯಾವ ಕುಕ್ಕರ್? ಕರೆಂಟಿನ ಕುಕ್ಕರು."

"ಕರೆಂಟು ಹೋದ ದಿನ, ಕರೆಂಟಿನ ಕುಕ್ಕರು?"

ನಲವತ್ತು ವರ್ಷ ತಟ್ಟೆಗೆ ಬಿದ್ದದ್ದನ್ನು ಉಂಡ ಗಂಡಸು, ಅದು ಹೇಗೆ ಬೆಂದಿತು ಎಂದು ಒಂದು ದಿನವೂ ಕೇಳಿರಲಿಲ್ಲ! ನನಗೆ ಸಿಟ್ಟೂ ಬಂತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ದಡದಡ ಮೆಟ್ಟಿಲಿಳಿದೆ.

ಮೂವತ್ತು ವರ್ಷ ನಾನು ಟೆಲಿಫೋನ್ ಇಲಾಖೆಯಲ್ಲಿ ತಂತಿ ಹಿಡಿದವಳು. ನನ್ನ ಪತ್ತೇದಾರಿಕೆಗೆ ಇರುವುದು ಒಂದೇ ವಿದ್ಯೆ. ಮನುಷ್ಯರನ್ನು ಕೇಳುವ ಮೊದಲು ತಂತಿಯನ್ನು ಹಿಂಬಾಲಿಸು. ತಂತಿಗೆ ಸುಳ್ಳು ಹೇಳಲು ಬರುವುದಿಲ್ಲ.

ಆ ಹಳೆಯ ಬೋರ್ಡಿನಿಂದ ಹೊರಟ ತಂತಿ ಲಿಯೋವಿಯಣ್ಣನ ಕೋಣೆಗೆ ಇಳಿದಿರಲಿಲ್ಲ. ಗೋಡೆಗುಂಟ ಸುಣ್ಣದೊಳಗೆ ಹೋಗಿತ್ತು. ಪ್ರತಿ ವರ್ಷ ಬಳಿದ ಸುಣ್ಣ ಅದನ್ನು ಗೋಡೆಯೇ ಮಾಡಿಬಿಟ್ಟಿತ್ತು. ಸ್ಕ್ರೂಡ್ರೈವರಿನಿಂದ ಕೆರೆಯುತ್ತ ಹೋದೆ. ಮೈಕೈಯೆಲ್ಲ ಬೆಳ್ಳಗಾಯಿತು. ಭಾನುವಾರ ನನ್ನ ಗಂಡ ಉಬಾಲ್ದೊ ಬ್ರೆಡ್ ತರಲು ಹೋದವನು ಹೀಗೇ ಅಂಗಿಯ ಬೆನ್ನೆಲ್ಲ ಸುಣ್ಣ ಮಾಡಿಕೊಂಡು ಬಂದಿದ್ದ. ಬೇಕರಿ ಗೋಡೆಗೆ ಒರಗಿದ್ದೆ ಎಂದಿದ್ದ. ಚೆನ್ನಾಗಿ ಬೈದಿದ್ದೆ. ಈಗ ನನ್ನ ಅಂಗಿ ನೋಡಿದರೆ ಅವನು ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾನೆ ಎಂದುಕೊಂಡೆ.

ತಂತಿ ಕಿಟಕಿಯ ಮೇಲಂಚಿನಿಂದ ಹೊರಬಿತ್ತು. ಅಲ್ಲಿಂದ ಬೀದಿಯ ಮೇಲೆ, ಬಟ್ಟೆ ಒಣಹಾಕುವ ಹಗ್ಗಕ್ಕೆ ಸುತ್ತಿಕೊಂಡು, ಯಾರದೋ ಟವೆಲುಗಳ ಹಿಂದೆ ಅಡಗಿ, ಎದುರು ಸಾಲಿಗೆ ದಾಟಿತ್ತು.

ನಮ್ಮೂರಲ್ಲಿ ಇದೇನು ಹೊಸದಲ್ಲ. ಬೀದಿಯ ಈ ಸಾಲಿಗೂ ಆ ಸಾಲಿಗೂ ಬೇರೆ ಬೇರೆ ಲೈನು. ಇಲ್ಲಿ ಹೋದರೆ ಅಲ್ಲಿರುತ್ತದೆ, ಅಲ್ಲಿ ಹೋದರೆ ಇಲ್ಲಿರುತ್ತದೆ. ಇದ್ದವರು ಇಲ್ಲದವರಿಗೆ ಒಂದು ತಂತಿ ಎಸೆಯುತ್ತಾರೆ. ಆದರೆ ಈ ತಂತಿ ನುಗ್ಗಿದ್ದು ಯಾವ ಕಿಟಕಿಗೆ ಎಂದು ಕಂಡಾಗ ನಾನು ಬೀದಿ ನಡುವೆಯೇ "ಅಯ್ಯೋ ದೇವರೇ!" ಎಂದುಬಿಟ್ಟೆ.

ಅದು ಓಸ್ಮಾನಿಯ ಅಡುಗೆಮನೆ.

ಓಸ್ಮಾನಿಯ ಹೆಂಡತಿ ಗ್ರಿಸೆಲ್ ಕೆಸುವಿನ ಗೆಡ್ಡೆ ತುರಿದು ವಡೆ ಕರಿಯುತ್ತಿದ್ದಳು. ನನ್ನನ್ನು ನೋಡಿದ್ದೇ ಜಾಲರಿ ಸೌಟು ಕೈಯಲ್ಲೇ ಹಿಡಿದು ಫ್ರಿಜ್ಜಿನ ಮುಂದೆ ಹೋಗಿ ನಿಂತಳು. ಬಾಯಿಬಿಟ್ಟು ಹೇಳಿದ್ದರೂ ಇಷ್ಟು ಸ್ಪಷ್ಟವಾಗುತ್ತಿರಲಿಲ್ಲ.

"ಬನ್ನಿ ಅಕ್ಕ, ಕಾಫಿ ಕುಡೀತೀರಾ?"

"ಕುಡೀತೀನಿ. ಮೊದಲು ಸ್ವಲ್ಪ ಪಕ್ಕಕ್ಕೆ ಬಾ ತಾಯಿ."

"ಯಾಕೆ?"

"ಫ್ರಿಜ್ ಹಿಂದೆ ಒಂದು ಪ್ಲಗ್ ಇದೆ. ಅದರ ಕ್ಷೇಮಸಮಾಚಾರ ವಿಚಾರಿಸ್ಬೇಕು."

ಅವಳ ಮುಖ ಕೆಂಪಾಯಿತು. "ಮೆಲ್ಲಗೆ ಮಾತಾಡಿ. ಅವರು ತಾರಸಿ ಮೇಲಿದ್ದಾರೆ."

"ಎಷ್ಟು ದಿನದಿಂದ ಇದೆ?"

"ದಿನ ಏನು ಬಂತು, ವರ್ಷಗಳೇ ಆದವು. ನಾನೂ ತೊಮಾಸಾನೂ ಸೇರಿ ಹಾಕಿದ್ದು. ಈ ಗಂಡಸರು ಪಾರಿವಾಳದ ಹೆಸರಲ್ಲಿ ಮುಖ ತಿರುಗಿಸ್ಕೊಂಡು ಓಡಾಡ್ಲಿ, ನಮ್ಮಿಬ್ಬರ ಮನೇಲಿ ಅನ್ನ ಬೇಯೋದು ನಿಲ್ಲಬಾರದು ಅಂತ. ನಮ್ಮ ಕಡೆ ಕರೆಂಟು ಹೋದಾಗ ಅವಳು ನನ್ನ ಹಾಲು ಕಾಯಿಸಿ ಕಳಿಸ್ತಿದ್ಳು." ಏಪ್ರನ್ನಿನ ತುದಿಯಿಂದ ಕಣ್ಣೊತ್ತಿಕೊಂಡಳು. "ಅವಳು ಹೋದ್ಳು. ಆ ಪ್ಲಗ್ ಕೀಳೋಕೆ ನನಗೆ ಮನಸ್ಸು ಬರಲಿಲ್ಲ ಅಕ್ಕ. ಕಿತ್ರೆ ಅವಳನ್ನೇ ಆಚೆ ಕಳಿಸಿದ ಹಾಗೆ ಅನ್ನಿಸ್ತಿತ್ತು."

ತೊಮಾಸಾ ನನಗೂ ಬೇಕಾದವಳಾಗಿದ್ದಳು.

"ಮತ್ತೆ ವಾರದಿಂದ ಬಾಯಿ ಯಾಕೆ ಬಿಡ್ಲಿಲ್ಲ? ಆ ಮುದುಕರು ಗಂಟಲಲ್ಲಿ ನೀರೂ ಇಳೀದೆ ಕೂತಿದ್ದಾರೆ."

"ಹೇಗೆ ಹೇಳ್ಲಿ? ದೂರು ಕೊಟ್ಟಿದ್ದು ನನ್ನ ಗಂಡ. ಇಡೀ ಕ್ಲಬ್ ಬಿದ್ದು ಬಿದ್ದು ನಗುತ್ತೆ. ತಾಂತ್ರಿಕ ಶಾಲೆ ಮೇಷ್ಟ್ರು, ತನ್ನ ಮನೆ ಕರೆಂಟು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲದವನು ಅಂತ."

"ಯಾವ ಕರೆಂಟು?" ಎಂಬ ದನಿ ಬಾಗಿಲಿನಿಂದ ಬಂತು.

ಓಸ್ಮಾನಿ ನಿಂತಿದ್ದ. ಐವತ್ತರ ಆಳು, ಎಣ್ಣೆ ಹಾಕಿ ಬಾಚಿದ ತಲೆ, ಭುಜದ ಮೇಲೆ ಒಂದು ಪುಕ್ಕ. ನಮ್ಮಿಬ್ಬರನ್ನೂ ನೋಡಿದ, ಹೆಂಡತಿಯ ಹಿಂದಿನ ಫ್ರಿಜ್ಜನ್ನು ನೋಡಿದ. ಬಂದು ಫ್ರಿಜ್ಜನ್ನು ಎಳೆದ. ಎರಡು ಪ್ಲಗ್ಗುಗಳು. ಒಂದು ಫ್ರಿಜ್ಜಿನದು. ಇನ್ನೊಂದರ ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿ ಕಿಟಕಿಯ ತನಕ ಹೋದ, ಹೊರಗೆ ಇಣುಕಿದ, ಟವೆಲುಗಳನ್ನು ನೋಡಿದ, ಅವುಗಳಾಚೆಯ ಲಿಯೋವಿಯಣ್ಣನ ಮೆಟ್ಟಿಲನ್ನು ನೋಡಿದ.

"ಗ್ರಿಸೆಲ್."

"ಹೂಂ."

"ನನ್ನ ಕರೆಂಟಲ್ಲೇ ನನ್ನ ಹಕ್ಕಿ ಸೋತಿತಾ?"

ವಡೆ ಹೊತ್ತುವ ವಾಸನೆ ಬಂತು. ನಾನೇ ಹೋಗಿ ಒಲೆ ಆರಿಸಿದೆ. ಇಂಥ ಹೊತ್ತಿನಲ್ಲೂ ವಡೆ ಹಾಳಾಗಬಾರದು.

"ನನಗೆ ಹೇಳ್ಬಾರದಿತ್ತಾ?" ಎಂದ ಅವನು.

"ಹೇಳಿದ್ರೆ ಕೀಳಿಸ್ತಿದ್ರಿ."

"ಕೀಳಿಸ್ತಿದ್ದೆ!"

"ಅದಕ್ಕೇ ಹೇಳಲಿಲ್ಲ."

ಓಸ್ಮಾನಿ ಕುರ್ಚಿ ಎಳೆದುಕೊಂಡು ಕೂತ. ಕಿರುಚುತ್ತಾನೆಂದು ಕಾದೆ. ಅವನು ಒಂದು ವಡೆ ತೆಗೆದುಕೊಂಡು, ಊದಿ, ಅರ್ಧ ಕಚ್ಚಿ, ಆಮೇಲೆ ಭುಜ ಕುಲುಕಿಸಿಕೊಂಡು ನಗಲು ಶುರುಮಾಡಿದ. ಗ್ರಿಸೆಲ್ ಮೊದಲು ಹೆದರಿದಳು, ನಂತರ ಅವಳೂ ನಕ್ಕಳು. ಈ ಮನುಷ್ಯನನ್ನು ನಾನು ಹನ್ನೊಂದು ವರ್ಷ ದುರಹಂಕಾರಿ ಎಂದೇ ತಿಳಿದಿದ್ದೆ. ಛೆ, ಅನ್ಯಾಯ ಮಾಡಿದೆ.

"ಸರಿ ಎನೈದಕ್ಕ. ಹಬ್ಬಿಗೆ ಕರೆಂಟಿತ್ತು, ಒಪ್ಪಿಕೊಂಡೆ. ಸಭೇಲಿ ಎಲ್ಲರಿಗಿಂತ ಮೊದಲು ನಾನೇ ಎದ್ದು ಹೇಳ್ತೀನಿ. ನಗೋರು ನಗ್ಲಿ." ಬೆರಳು ಒರೆಸಿಕೊಂಡ. ನಗು ನಿಂತಿತ್ತು. "ಆದ್ರೆ ಒಂದು ಮಾತು. ಆ ಕಂಪ್ಯೂಟರ್ ಹಕ್ಕಿ ಬಂದ ಹೊತ್ತನ್ನು ಮಾತ್ರ ಬರೆಯಲ್ಲ. ಹಲಗೆ ಯಾವಾಗ ಕೈತಪ್ಪಿತು, ಯಾವಾಗ ವಾಪಸ್ ಸಿಕ್ಕಿತು, ಅದನ್ನೂ ಒಂದು ಫೈಲಲ್ಲಿ ಬರ್ಕೊಳ್ಳುತ್ತೆ. ಕ್ಲಬ್ಬಿನವರು ಅದನ್ನ ತೆರೆದೇ ಇಲ್ಲ. ನೀವು ಓದಿ. ಯಾರೂ ಮುಟ್ಟಿಲ್ಲ ಅಂತಿದ್ರೆ ಗೆದ್ದವರಿಗೆ ಕೊಡೋ ಬೆಳ್ಳಿ ಕಪ್ಪನ್ನ ನಾನೇ ಹೊತ್ತು ತಂದು ಅವರ ಕೈಗೆ ಕೊಡ್ತೀನಿ. ಮುಟ್ಟಿದಾರೆ ಅಂತಿದ್ರೆ, ನಿಯಮ ನಿಯಮವೇ. ನೀವು ಸುಳ್ಳು ಹೇಳಲ್ಲ ಅಂತ ಗೊತ್ತು, ಅದಕ್ಕೇ ನಾನು ಜೊತೆಗೆ ಬರಲ್ಲ."

"ಓದ್ತೀನಿ. ನಾಲ್ಕು ವಡೆ ಕಟ್ಟಿಕೊಡು, ಗ್ರಿಸೆಲ್."

ಗೆದ್ದೆ ಎಂದುಕೊಂಡೇ ಬೀದಿ ದಾಟಿದೆ. ವಡೆ ಬಿಸಿಯಾಗಿತ್ತು, ಬಿಸಿಲು ಹಿತವಾಗಿತ್ತು. ತಂತಿಯ ಕಥೆ ಕೇಳಿ ಲಿಯೋವಿಯಣ್ಣ ಗೋಡೆಯ ಕಡೆ ತಿರುಗಿ ನಿಂತರು. "ತೊಮಾಸಾ ಹಾಕಿದ್ದಾ?" ಎಂದು ಕೇಳಿದರು. ಹೌದು ಎಂದೆ. ಕೆರೆದ ಸುಣ್ಣದ ಜಾಗದಲ್ಲಿ ಕಾಣುತ್ತಿದ್ದ ತಂತಿಯನ್ನು ಒಂದು ಬೆರಳಿನಿಂದ ಮುಟ್ಟಿ, "ಇನ್ನು ಇದರ ಮೇಲೆ ಸುಣ್ಣ ಬಳಿಯಲ್ಲ," ಎಂದರು.

ಅಡಾಪ್ಟರು ಮತ್ತೆ ಚುಚ್ಚಿ, ಕೆಳಗೆ ಅವರ ಕೋಣೆಗೆ ಹೋಗಿ ಲ್ಯಾಪ್‌ಟಾಪ್ ತೆರೆದೆ. ಬ್ಯಾಟರಿ ಎರಡು ಗಂಟೆ ಬರುವ ಹಳೆಯ ಯಂತ್ರ. ಭಾನುವಾರ ಕರೆಂಟು ಹೋದ ಮೇಲೂ ಅದಕ್ಕೆ ಆ ಬಲ ಸಾಕಾಗಿತ್ತು. ಓಸ್ಮಾನಿ ಹೇಳಿದ ಫೈಲು ಅಲ್ಲೇ ಇತ್ತು. ಭಾನುವಾರದ ಪುಟಕ್ಕೆ ಬಂದೆ.

ಬೆಳಗ್ಗೆ ಆರೂವರೆ: ರೀಡರ್ ಸರಿಯಾಗಿದೆ. ಹನ್ನೊಂದು: ಬ್ಯಾಟರಿಗೆ ಬದಲಾಯಿತು, ರೀಡರ್ ಸರಿಯಾಗಿದೆ.

ಹನ್ನೆರಡು ಮೂವತ್ತಮೂರು: ರೀಡರ್ ಸಿಗುತ್ತಿಲ್ಲ.

ಹನ್ನೆರಡು ಮೂವತ್ತೆಂಟು: ರೀಡರ್ ಬಂತು. ಪೋರ್ಟ್ ಎರಡು.

ಹನ್ನೆರಡು ನಲವತ್ತೊಂದು: ಕನೇಲಾ.

"ನನ್ನ ಕನ್ನಡಕ ಮೇಲಿದೆ," ಎಂದರು ಲಿಯೋವಿಯಣ್ಣ ಹಿಂದಿನಿಂದ. "ಎಲ್ಲಾ ಸರಿಯಾಗಿದೆ ತಾನೇ?"

"ಒಂದು ನಿಮಿಷ," ಎಂದು ಮೆಟ್ಟಿಲಿಗೆ ಓಡಿದೆ.

ಹಬ್ಬಿನಲ್ಲಿ ಕೇಬಲ್ ಚುಚ್ಚುವ ನಾಲ್ಕು ಪೋರ್ಟುಗಳು. ಮೂರನೆಯದರ, ನಾಲ್ಕನೆಯದರ ಬಾಯಿಗೆ ಸುಣ್ಣದ ಪುಡಿ ಕಟ್ಟಿತ್ತು. ಎರಡನೆಯದರಲ್ಲಿ ತಾರಸಿಯಿಂದ ಬಂದ ಕೇಬಲ್ ಚುಚ್ಚಿತ್ತು, ಸುತ್ತಲಿನ ಸುಣ್ಣ ಹೊಸದಾಗಿ ಕೆದರಿತ್ತು. ಮೊದಲನೆಯದು ಖಾಲಿ, ಒಳಗೆ ಒಂದು ಕಣ ಧೂಳಿಲ್ಲದೆ ಸ್ವಚ್ಛ. ಅಂದರೆ ಕೇಬಲ್ ಇಷ್ಟು ವರ್ಷ ಇದ್ದದ್ದು ಮೊದಲನೆಯದರಲ್ಲಿ. ಭಾನುವಾರ ಹಕ್ಕಿ ಬರುವುದಕ್ಕೆ ಮೂರೇ ನಿಮಿಷ ಮೊದಲು ಯಾರೋ ಈ ಮೆಟ್ಟಿಲ ಮೇಲೆ ನಿಂತು ಅದನ್ನು ಕಿತ್ತು ಪಕ್ಕಕ್ಕೆ ಚುಚ್ಚಿದ್ದಾರೆ.

ಲಿಯೋವಿಯಣ್ಣ ತಾರಸಿಯಲ್ಲಿದ್ದರು. ಬೀದಿಬಾಗಿಲು ಹಗಲೆಲ್ಲ ತೆರೆದೇ ಇರುತ್ತದೆ. ಯಾರು ಬೇಕಾದರೂ ಬರಬಹುದಿತ್ತು. ಯಾರು ಬಂದಿದ್ದರೂ ಸರಿ, ಕನೇಲಾಳ ಗೆಲುವು ಹೋಯಿತು. ಮುದುಕರು ತಾವೇ ಬರೆಸಿದ ನಿಯಮಕ್ಕೆ ಸಿಕ್ಕಿಬೀಳುತ್ತಾರೆ. ಅವರೇ ಮುಟ್ಟಿದರು ಎಂದರೆ ಹೆಸರೂ ಹೋಗುತ್ತದೆ. ಆ ಕೈ ಯಾರದೆಂದು ನಾಲ್ಕು ಗಂಟೆಯೊಳಗೆ ಹೇಳಬಲ್ಲೆನಾದರೆ ಹೆಸರಾದರೂ, ಗೂಡಾದರೂ ಉಳಿಯುತ್ತದೆ.

ಅವರಿಗೆ ಏನೂ ಹೇಳದೆ ಹೊರಟೆ. ಎರಡು ಬೀದಿಯಾಚೆಯ ನಮ್ಮ ಮನೆಗೆ ಬರುವಷ್ಟರಲ್ಲಿ ಎರಡು ಗಂಟೆ.

ಉಬಾಲ್ದೊ ಕಪ್ಪು ಹುರುಳಿಯ ಸಾರು, ಅನ್ನ ಮಾಡಿಟ್ಟು ಕಾಯುತ್ತಿದ್ದ. ಅವನೂ ಟೆಲಿಫೋನ್ ಇಲಾಖೆಯವನೇ. ಒಂದೇ ಕಂಬದ ಮೇಲೆ ಇಬ್ಬರಿಗೂ ಪ್ರೀತಿಯಾದದ್ದು ಎಂದು ಊರವರು ತಮಾಷೆ ಮಾಡುತ್ತಾರೆ. ಕೆಟ್ಟದ್ದು ಕಣ್ಣಿಗೆ ಬಿದ್ದರೆ ಅವನ ಕೈ ಸುಮ್ಮನಿರುವುದಿಲ್ಲ. ಬಸ್ಸಿನ ಸೀಟಿನ ಸ್ಕ್ರೂ ಸಡಿಲವಿದ್ದರೂ ಬಿಗಿ ಮಾಡಿಯೇ ಇಳಿಯುವ ಮನುಷ್ಯ. ಮೂವತ್ತೊಂದು ವರ್ಷ ಇವನ ಜೊತೆ ಸುಖವಾಗಿಯೇ ಇದ್ದೇನೆ.

"ಅಂಗಿ ನೋಡು, ಸುಣ್ಣದ ರಾಣಿ!" ಎಂದು ನಕ್ಕ. "ನನಗೆ ಬೈದಿದ್ದೆಲ್ಲ ವಾಪಸ್ ತಗೋ."

"ತಗೋತೀನಿ, ಮೊದಲು ಬಡಿಸು."

ಬಡಿಸಿದ. ವಡೆ ಕೊಟ್ಟೆ. ತಂತಿಯ ಕಥೆ, ಫ್ರಿಜ್ಜಿನ ಕಥೆ, ಓಸ್ಮಾನಿ ನಕ್ಕ ಕಥೆ ಎಲ್ಲ ಹೇಳಿದೆ. ಫೈಲಿನ ವಿಷಯ ಬಾಯಿಗೆ ಬರಲಿಲ್ಲ. ಅವನು ತೊಡೆ ತಟ್ಟಿಕೊಂಡು ನಕ್ಕ.

"ಒಟ್ಟಿನಲ್ಲಿ ಗೆದ್ದೆ ಅನ್ನು. ಅಡಾಪ್ಟರ್ ವಾಪಸ್ ಹಾಕಿದ್ಯಾ? ದೀಪ ಹತ್ತಿತಾ?"

"ಹತ್ತಿತು."

"ಹತ್ತುತ್ತೆ, ಹತ್ತದೆ ಏನು. ಆದ್ರೆ ಕೇಬಲ್ಲನ್ನ ಮೊದಲನೇ ಪೋರ್ಟಿಗೆ ಮಾತ್ರ ಹಾಕ್ಬೇಡ ಕಣೆ. ಅದು ಸತ್ತುಹೋಗಿದೆ."

ನನ್ನ ಬಾಯಲ್ಲಿದ್ದ ಅನ್ನ ಬಾಯಲ್ಲೇ ಉಳಿಯಿತು.

ಪೋರ್ಟಿನ ಮಾತನ್ನು ನಾನು ಯಾರಿಗೂ ಆಡಿರಲಿಲ್ಲ. ಅವನು ಏನೂ ಆಗದವನಂತೆ ಸಾರಿಗೆ ನಿಂಬೆ ಹಿಂಡುತ್ತಿದ್ದ. ಅವನ ಹಿಂದೆ, ಹಿತ್ತಲ ಹಗ್ಗದ ಮೇಲೆ, ಭಾನುವಾರದ ಅಂಗಿ ಒಣಗುತ್ತಿತ್ತು. ಎಷ್ಟು ಉಜ್ಜಿದರೂ ಬೆನ್ನಿನ ಬಿಳಿ ಹೋಗಿರಲಿಲ್ಲ. ನಮ್ಮ ಬೇಕರಿಯ ಗೋಡೆಗೆ ಆಳೆತ್ತರದ ತನಕ ನೀಲಿ ಟೈಲ್ಸ್ ಇದೆ. ದಿನಾ ನೋಡುವ ಗೋಡೆ. ಆರು ದಿನದಿಂದ ಅದು ನನ್ನ ತಲೆಗೆ ಹೊಳೆಯಲೇ ಇಲ್ಲ.

"ಉಬಾಲ್ದೊ," ಎಂದೆ, "ಭಾನುವಾರ ಹನ್ನೆರಡೂವರೆಗೆ ನೀನು ಎಲ್ಲಿದ್ದೆ?"

ಅವನು ನಿಂಬೆಹೋಳನ್ನು ತಟ್ಟೆಯ ಅಂಚಿಗಿಟ್ಟ. ನನ್ನನ್ನು ನೋಡಿದ. ನನ್ನ ಮುಖದಲ್ಲಿ ಏನು ಕಂಡಿತೋ, ಅವನ ನಗು ಮೆಲ್ಲಗೆ ಆರಿತು.

"ಅವರು ಹೇಳಬೇಡ ಅಂದಿದ್ರು, ಎನೈದಾ."

"ಯಾರು?"

ಅವನು ಕಿಟಕಿಯಾಚೆ, ಲಿಯೋವಿಯಣ್ಣನ ಮನೆಯ ಕಡೆ ನೋಡಿದ. ಅಷ್ಟರಲ್ಲಿ ಬೀದಿಬಾಗಿಲ ಚಿಲಕ ಸದ್ದಾಯಿತು. ಓಸ್ಮಾನಿ ಇಸ್ತ್ರಿ ಅಂಗಿ ತೊಟ್ಟು, ಕ್ಲಬ್ಬಿನ ಬೆಳ್ಳಿ ಕಪ್ಪನ್ನು ಬಗಲಲ್ಲಿ ಹಿಡಿದು ಹೊಸ್ತಿಲ ಮೇಲೆ ನಿಂತಿದ್ದ.

"ಎನೈದಕ್ಕ," ಎಂದ ಹಿಗ್ಗಿನಿಂದ, "ಓದಿದ್ರಾ?"